ಬಾಲ ಬೀಸದ ನರಿ

ಪರದೆ ಬೆಳಗಿತು. ನರಿ ಬರಲಿಲ್ಲ.

ಫಿನ್‌ಲೆಂಡಿನ ಔಲು ಪಟ್ಟಣದ ನಮ್ಮ ಗ್ರಂಥಾಲಯದ ಸಭಾಂಗಣದಲ್ಲಿ ನಲವತ್ತು ಮಂದಿ ಉಸಿರು ಬಿಗಿಹಿಡಿದು ಕೂತಿದ್ದರು. ಎಲ್ಲರ ಎದೆಯ ಮೇಲೂ ಒಂದೇ ಬಿಲ್ಲೆ—ಹಿಮದ ಮೇಲೆ ಬಾಲ ಬೀಸುತ್ತಿರುವ ನರಿ. ಹಳೆಯ ಕಂಪ್ಯೂಟರಿನೊಳಗೆ ಫ್ಲಾಪಿ ಗರಗರ ಎಂದಿತು. ಪರದೆ ಒಮ್ಮೆ ಕಪ್ಪಾಯಿತು. ಮರುಕ್ಷಣವೇ ಆಟದ ಮೊದಲ ಪುಟ ಬಂದು ನಿಂತಿತು—‘ಆಡಲು ಗುಂಡಿ ಒತ್ತಿ’.

“ಲಾಂಛನ ಎಲ್ಲಿ?” ಹಿಂದಿನ ಸಾಲಿನಿಂದ ಯಾರೋ ಕೂಗಿದರು.

“ಇನ್ನೊಂದ್ಸಲ ಹಾಕಿ!”

ಹಾಕಿದರು. ಮತ್ತೆ ಅದೇ ಗರಗರ, ಅದೇ ಕಪ್ಪು, ಅದೇ ಪುಟ. ಆಟ ಇತ್ತು. ಆಟಕ್ಕೆ ಮುಂಚೆ ಬರಬೇಕಾದ ಲಾಂಛನ ಮಾತ್ರ ಇರಲಿಲ್ಲ.

ಇದು ‘ಲಾಂಛನ ಪ್ರಿಯರ ಕೂಟ’. ವಿಡಿಯೋ ಗೇಮ್ ಶುರುವಾಗುವ ಮುನ್ನ ಕಂಪನಿಯ ಗುರುತು ಪರದೆಯ ಮೇಲೆ ತಿರುಗಿ, ಮಿಂಚಿ, ಒಂದು ರಾಗ ಹಾಡಿ ಮರೆಯಾಗುತ್ತದಲ್ಲ, ಈ ಮಂದಿ ಸೇರುವುದು ಅದನ್ನು ನೋಡಲು. ಆಟ ಶುರುವಾದರೆ ಚಪ್ಪಾಳೆ ತಟ್ಟಿ ಯಂತ್ರ ಆರಿಸಿಬಿಡುತ್ತಾರೆ! ಊಟದ ಮನೆಗೆ ಹೋಗಿ ಬಾಗಿಲ ತೋರಣ ನೋಡಿ ಹಿಂದಿರುಗಿದ ಹಾಗೆ. ಸಭಾಂಗಣದ ಉಸ್ತುವಾರಿ ನನ್ನದು. ಪ್ರತಿ ಚಳಿಗಾಲ ಅವರಿಗೆ ಬೀಗದ ಕೈ ಕೊಡುತ್ತಿದ್ದೆ, ಬೆನ್ನ ಹಿಂದೆ ನಗುತ್ತಿದ್ದೆ.

ಕೂಟದ ಅಧ್ಯಕ್ಷ ಇಲ್ಪೊ ವುವೊರೆಲಾ, ನಗರದ ಬಸ್ ಚಾಲಕ, ಐವತ್ತು ದಾಟಿದವನು. ಮೂವತ್ತು ಚಿಲ್ಲರೆ ವರ್ಷಗಳಿಂದ ಅವನಿಗೆ ಒಂದೇ ಧ್ಯಾನ: ಹುಡುಗನಾಗಿದ್ದಾಗ ‘ಆಯ್ರೊ’ ಎಂಬ ಸಣ್ಣ ಕಂಪನಿಯ ಆಟದಲ್ಲಿ ಕಂಡ ಲಾಂಛನ. ಹಿಮದಲ್ಲಿ ಒಂದು ನರಿ ಓಡಿಬಂದು ಬಾಲ ಬೀಸುತ್ತದೆ, ಕಿಡಿ ಹಾರಿ ಉತ್ತರದ ಆಕಾಶಕ್ಕೆ ಬಣ್ಣದ ಬೆಳಕು ಹತ್ತುತ್ತದೆ. ನಮ್ಮ ಹಳಬರು ಹೇಳುವ ಕಥೆಯೇ ಅದು. ಕೊನೆಗೊಂದು ರಾಗ. ಆ ರಾಗವನ್ನು ಇಲ್ಪೊ ಬಸ್ ಓಡಿಸುತ್ತಾ ಗುನುಗಿ ಗುನುಗಿ ಪ್ರಯಾಣಿಕರಿಗೂ ಬಾಯಿಪಾಠವಾಗಿತ್ತು. ಅವನ ಫ್ಲಾಪಿ ಎಂದೋ ಹಾಳಾಗಿತ್ತು. ಮೂಲ ಪ್ರತಿ ಎಲ್ಲೂ ಸಿಕ್ಕಿರಲಿಲ್ಲ.

ಈ ವರ್ಷ ಸಿಕ್ಕಿತ್ತು, ಅದೂ ಆಯ್ರೊ ಕಂಪನಿ ಕಟ್ಟಿದವಳ ಮನೆಯಲ್ಲೇ. ರೈಲಿ ಹಾಪಸಾರಿ, ಎಪ್ಪತ್ತು ದಾಟಿದ ವಿಧವೆ. ಉಣ್ಣೆಯ ಶಾಲಿನಲ್ಲಿ ಸುತ್ತಿ ತಂದಿದ್ದಳು—ಪೆಟ್ಟಿಗೆ ಸಮೇತ. ಪೆಟ್ಟಿಗೆಯ ಮುಖದ ಮೇಲೆ ದೋಣಿಯ ಹುಟ್ಟಿನ ಚಿತ್ರ. ಆಯ್ರೊ ಎಂದರೆ ನಮ್ಮ ಮಾತಿನಲ್ಲಿ ಹುಟ್ಟು.

ಗದ್ದಲದ ನಡುವೆ ಅವಳೊಬ್ಬಳು ಕುರ್ಚಿಯಿಂದ ಏಳಲಿಲ್ಲ.

“ಯಾರು ಮುಟ್ಟಿದ್ದು ಅದನ್ನ?” ದನಿ ಏರಲಿಲ್ಲ. “ಅದು ಇದ್ದದ್ದೇ ಒಂದು. ನನ್ನ ಗಂಡ ಪಾವೊ ಕೈಯಾರೆ ಮಾಡಿದ್ದು. ಯಾರು ಮುಟ್ಟಿದ್ರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಅಲ್ಲಿ ಯಾರೂ ಕಾಣಲಿಲ್ಲ. ನಾನು ವಾಚನಾಲಯಕ್ಕೆ ಓಡಿ ಹೆಲ್ವಿ ತುವೊಮಾಲಾಳನ್ನು ಕರೆತಂದೆ. ಹೆಲ್ವಿ ವಿಮಾ ಕಂಪನಿಯ ನಿವೃತ್ತ ತನಿಖೆಗಾರ್ತಿ. ಸೌನಾ ಎಂಬ ತಮ್ಮ ಹಬೆಸ್ನಾನದ ಮನೆಗೆ ತಾವೇ ಬೆಂಕಿ ಇಟ್ಟು ಪರಿಹಾರ ಕೇಳುವವರನ್ನು ಹಿಡಿಯುವುದರಲ್ಲೇ ಆಯುಷ್ಯ ಕಳೆದವಳು.

“ಕಾಫಿ ಇದ್ಯಾ, ಓಲವಿ?” ಎಂಬುದು ಅವಳ ಮೊದಲ ಪ್ರಶ್ನೆ. “ಇದ್ರೆ ತನಿಖೆ. ಇಲ್ದಿದ್ರೆ ಪೇಪರ್ ಓದೋಕೆ ಹೋಗ್ತೀನಿ.”

ಬೆಳಗ್ಗೆಯಿಂದ ಯಂತ್ರದ ಕೋಣೆಗೆ ಹೋಗಿದ್ದವರು ಮೂವರು. ಯಂತ್ರ ನೋಡಿಕೊಳ್ಳುವ ಯೊನ್ನೆ, ವಾಸಾ ಪಟ್ಟಣದಿಂದ ಬಂದಿದ್ದ ಸಂಗ್ರಾಹಕ ಟೋರ್ಸ್ಟೆನ್, ಇಲ್ಪೊ. ರೈಲಿ ನನ್ನ ಜೊತೆ ಕಾಫಿ ಮೇಜಿನಲ್ಲೇ ಇದ್ದಳು.

ಯೊನ್ನೆ ಗಡ್ಡ ಕೆರೆದುಕೊಳ್ಳುತ್ತ ಫ್ಲಾಪಿಯ ಹೊಟ್ಟೆ ಪರೀಕ್ಷಿಸಿದ.

“ಆಟದ ಫೈಲುಗಳೆಲ್ಲ ಸರಿಯಾಗಿವೆ. ಲಾಂಛನದ್ದು ಒಂದೇ ಅಳಿಸಿದ್ದಾರೆ. ಅಳಿಸಿ, ಆ ಜಾಗದ ಮೇಲೆ ಕಸ ತುಂಬಿದ್ದಾರೆ. ಇನ್ನು ಅದು ವಾಪಸ್ ಬರಲ್ಲ.”

“ಯಾರು ಬೇಕಾದ್ರೂ ಅಳಿಸಬಹುದಾ?” ಹೆಲ್ವಿ ಕೇಳಿದಳು.

“ಅದೇ ಅರ್ಥ ಆಗ್ತಿಲ್ಲ ನೋಡಿ. ಇದು ಕಂಪನಿ ಡಿಸ್ಕು. ಮೂಲೇಲಿ ಈ ತೂತು ತೆರೆದೇ ಇರುತ್ತೆ, ಮುಚ್ಚೋಕೆ ಪಟ್ಟೀನೇ ಇಲ್ಲ. ತೂತು ತೆರೆದಿದ್ರೆ ಯಂತ್ರ ಬರೆಯೋಕೂ ಬಿಡಲ್ಲ, ಅಳಿಸೋಕೂ ಬಿಡಲ್ಲ. ಹೇಗೆ ಮಾಡಿದ್ರೋ!”

“ನಿನಗೆ ಈ ಕೂಟದ ಮೇಲೆ ಕೋಪ ಇದ್ಯಾ?”

“ಕೋಪ ಅಲ್ಲ, ಬೆನ್ನುನೋವು ಇದೆ. ಎರಡು ದೊಡ್ಡ ಸ್ಪೀಕರ್ ವ್ಯಾನಿಂದ ಹೊತ್ತು ತಂದೆ. ಕಾಫಿ ಆದ್ಮೇಲೆ ಅಧ್ಯಕ್ಷರು ಬಂದು ‘ಬೇಡ, ವಾಪಸ್ ಇಡು’ ಅಂತಾರೆ! ಈ ಹುಚ್ಚರ ಸಹವಾಸ ಸಾಕಪ್ಪ.”

ನಾನು ನಕ್ಕೆ. ಹೆಲ್ವಿ ನಗಲಿಲ್ಲ. ಫ್ಲಾಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತೂತಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನನ್ನತ್ತ ಚಾಚಿದಳು. ಮುಟ್ಟಿ ನೋಡಿದೆ. ಅಂಟಂಟು.

ಟೋರ್ಸ್ಟೆನ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

“ಈ ಡಿಸ್ಕು ಕೊಡಿ ಅಂತ ನೀವು ರೈಲಿಯನ್ನ ಕಾಡಿದ್ರಂತೆ?”

“ಮೂರು ಸಲ ಕೇಳಿದೆ. ಮೂರು ಸಲಾನೂ ಬಾಗಿಲು ತೋರಿಸಿದ್ರು.”

“ಹೊಟ್ಟೆ ಉರೀತಾ?”

“ಉರೀತು. ಹಾಗಂತ ನನಗೆ ಬೇಕಾದ್ದನ್ನ ನಾನೇ ಹಾಳು ಮಾಡ್ತೀನಾ? ಇವತ್ತಲ್ಲ ನಾಳೆ ಕೊಡ್ತಾರೆ ಅಂತ ಕಾಯ್ತಿದ್ದೆ. ಈಗ ಈ ಕುರುಡು ಡಿಸ್ಕ್ ತಗೊಂಡು ಏನು ಉಪ್ಪಿನಕಾಯಿ ಹಾಕ್ಲಾ?”

ಇಲ್ಪೊ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದ. ಬೆಳಗ್ಗೆ ನಾನು ಕೊಟ್ಟು ಕಳಿಸಿದ ಕಾಫಿ, ಏಲಕ್ಕಿ ಬನ್ನು ಎರಡೂ ಪಕ್ಕದಲ್ಲಿ ಹಾಗೇ ತಣ್ಣಗಾಗಿದ್ದವು. ಕಣ್ಣು ಕೆಂಪಾಗಿತ್ತು. ಅದು ನಾಟಕದ ಅಳುವಲ್ಲ. ಈಗಲೂ ಹಾಗೇ ಹೇಳುತ್ತೇನೆ.

“ಬೆಳಗ್ಗೆ ಕೋಣೇಲಿ ಏನು ಮಾಡ್ತಿದ್ದೆ, ಇಲ್ಪೊ?”

“ಯಂತ್ರ ಬೆಚ್ಚಗಾಗ್ಲಿ ಅಂತ ಹಾಕಿಟ್ಟಿದ್ದೆ. ಅಷ್ಟೇ.”

“ಲಾಂಛನ ನೋಡಿದ್ಯಾ?”

“ಇಲ್ಲಪ್ಪ! ಎಲ್ಲರ ಜೊತೇಲೇ ನೋಡ್ಬೇಕು ಅಂತ—”

“ಹೋಗ್ಲಿ, ನರಿ ಹೇಗಿತ್ತು ಹೇಳು. ನಾನು ನೋಡಿಲ್ಲ.”

ಅವನ ಮುಖ ತಟ್ಟನೆ ಅರಳಿತು. “ಎಡಗಡೆಯಿಂದ ಓಡಿಬರುತ್ತೆ. ಮಧ್ಯಕ್ಕೆ ಬಂದು ನಿಲ್ಲುತ್ತೆ. ಬಲಗಿವಿ ಒಂದ್ಸಲ ಅದುರುತ್ತೆ—ಬಲಗಿವಿ ಮಾತ್ರ! ಆಮೇಲೆ ನಮ್ಮ ಕಡೆ ತಿರುಗಿ ನೋಡುತ್ತೆ. ಆಮೇಲೇನೇ ಬಾಲ. ಮೊದಲ ಕಿಡಿ ಹಸಿರು, ಎರಡನೇದು ನೇರಳೆ...” ರಾಗವನ್ನೂ ಗುನುಗಿದ. ಅರ್ಧಕ್ಕೇ ನಿಲ್ಲಿಸಿದ.

ಹೆಲ್ವಿ ಅವನ ಎದೆಯ ಬಿಲ್ಲೆಯನ್ನೇ ದಿಟ್ಟಿಸಿದಳು. ಆಮೇಲೆ ಒಳಗೆ ಹೋಗಿ, ರೈಲಿಯ ಮಡಿಲಲ್ಲಿದ್ದ ಪೆಟ್ಟಿಗೆ ಕೇಳಿ ಪಡೆದು, ಹಿಂದೆ ಮುಂದೆ ತಿರುಗಿಸಿದಳು. ಆಟದ ಕೈಪಿಡಿಯ ಹಾಳೆಗಳನ್ನೂ ಒಂದೊಂದಾಗಿ ತಿರುವಿದಳು.

“ಆ ಮೂವರನ್ನೂ, ರೈಲಿಯನ್ನೂ ಕಾಫಿ ಕೋಣೆಗೆ ಕರಿ,” ಎಂದಳು.

ನಾವು ಆರು ಜನ ಮೇಜಿನ ಸುತ್ತ ಕೂತೆವು. ಹೆಲ್ವಿ ತನ್ನ ಬಟ್ಟಲು ತುಂಬಿಸಿಕೊಂಡಳು.

“ಕಳ್ಳ ಆದ್ರೆ ಪೂರ್ತಿ ಹೊತ್ಕೊಂಡು ಹೋಗ್ತಾನೆ. ಹಗೆ ಇರೋನು ಪೂರ್ತಿ ಮುರಿದು ಹಾಕ್ತಾನೆ. ಇವನು? ಹಲ್ಲಿನ ಡಾಕ್ಟರ ಹಾಗೆ ಒಂದೇ ಒಂದು ಹಲ್ಲು ಕಿತ್ತಿದ್ದಾನೆ. ಆಟಕ್ಕೆ ಒಂದು ಗೀರೂ ಬಿದ್ದಿಲ್ಲ. ಅಂದ್ರೆ ಆಟದ ಮೇಲೆ ಪ್ರೀತಿ ಇದೆ, ಲಾಂಛನದ ಮೇಲೆ ದ್ವೇಷ ಇದೆ. ಯಾರಿಗೆ?”

“ಇಲ್ಲಿರೋರೆಲ್ಲ ಲಾಂಛನಕ್ಕೆ ಪ್ರಾಣ ಬಿಡೋರೇ,” ಟೋರ್ಸ್ಟೆನ್ ನಕ್ಕ.

“ಮೊದಲು ತೂತಿನ ವಿಷ್ಯ. ತೂತಿನ ಮೇಲೆ ಒಂದು ಚೂರು ಕಪ್ಪು ಟೇಪ್ ಅಂಟಿಸಿದ್ರೆ ಯಂತ್ರ ಮೋಸಹೋಗುತ್ತೆ. ಆಗಿನ ಕಾಲದ ಹುಡುಗರಿಗೆಲ್ಲ ಗೊತ್ತಿದ್ದ ಉಪಾಯ. ನನ್ನ ಮಗ ನನ್ನ ಲೆಕ್ಕಪತ್ರದ ಡಿಸ್ಕು ಅಳಿಸಿ ಆಟ ತುಂಬಿದ್ದು ಹೀಗೇನೇ. ಅಂಟು ಇನ್ನೂ ಅಲ್ಲೇ ಇದೆ. ಯೊನ್ನೆಗೆ ಇದು ಗೊತ್ತಿಲ್ಲ, ಅವನಾಗ ಹುಟ್ಟೇ ಇರ್ಲಿಲ್ಲ. ಟೋರ್ಸ್ಟೆನ್‌ಗೆ ಗೊತ್ತಿರಬಹುದು, ಆದ್ರೆ ಹಾಳಾದ ಡಿಸ್ಕು ಅವರಿಗೆ ಬೇಡ.”

ಹೆಲ್ವಿ ಒಂದು ಗುಟುಕು ಕಾಫಿ ಕುಡಿದಳು.

“ಎರಡನೇದು ಸ್ಪೀಕರ್. ಯೊನ್ನೆ ಬೆನ್ನು ನೋವು ಅಂದ, ಓಲವಿ ನಕ್ಕ, ಅಲ್ಲಿಗೆ ಮುಗೀತು. ನರಿ ಹಾಡುತ್ತೆ ಅಂತ ಊರಿಗೆಲ್ಲ ಸಾರಿದೋನು, ಆ ಹಾಡು ಕೇಳಿಸೋಕೆ ಅಂತಲೇ ತರಿಸಿದ ಸ್ಪೀಕರನ್ನ ವಾಪಸ್ ಯಾಕೆ ಕಳಿಸ್ದ? ಪರದೆ ಬೆಳಗೋಕೆ ಮುಂಚೆನೇ ಅವನಿಗೆ ಗೊತ್ತಿತ್ತು, ಹಾಡೋ ನರಿ ಇಲ್ಲ ಅಂತ.”

ಎಲ್ಲರೂ ಇಲ್ಪೊನತ್ತ ತಿರುಗಿದರು. ಅವನು ತನ್ನ ಬಿಲ್ಲೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದ.

“ಆದ್ರೆ ಯಾಕೆ?” ನಾನು ಕೇಳಿದೆ. “ಜೀವ ಇಟ್ಟಿದ್ದ ಅದರ ಮೇಲೆ!”

“ಪೆಟ್ಟಿಗೆ ನೋಡು ಓಲವಿ. ಮುಂದೆ ಹುಟ್ಟು, ಹಿಂದೆ ಹುಟ್ಟು, ಕೈಪಿಡಿ ತುಂಬಾ ಹುಟ್ಟು. ನರಿ ಎಲ್ಲಿದೆ? ಬೆಳಗ್ಗೆಯಿಂದ ಇದು ಎಲ್ಲರ ಕಣ್ಣೆದುರಿಗೇ ಇತ್ತು, ಯಾರೂ ಕೇಳ್ಲಿಲ್ಲ. ರೈಲಿ, ಆ ನರಿ ಯಾರದ್ದು?”

ರೈಲಿ ಬಟ್ಟಲು ಕೆಳಗಿಟ್ಟಳು.

“ಕಳ್ಳರದ್ದು. ಪ್ರತಿ ಮಾಡಬಾರದು ಅಂತ ನಮ್ಮ ಆಟಕ್ಕೆ ಹಾಕಿದ್ದ ಬೀಗ ಮುರಿದು, ಪಾವೊ ಮಾಡಿದ ಲಾಂಛನ ಕಿತ್ತುಹಾಕಿ, ಅಲ್ಲಿ ತಮ್ಮ ನರಿ ಕೂರಿಸಿ, ಪುಕ್ಕಟೆ ಹಂಚಿದ್ರು. ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಕೊಂಡು ಮಾಡಿದ ಆಟ. ಅಂಗಡೀಲಿ ನಮ್ಮ ಪೆಟ್ಟಿಗೆ ಧೂಳು ತಿಂತಿತ್ತು, ಊರ ಮಕ್ಕಳ ಮನೆಯಲ್ಲೆಲ್ಲ ನರಿ ಓಡ್ತಿತ್ತು. ಕಂಪನಿ ಮುಚ್ತು. ಆಮೇಲೆ ಪಾವೊ ಎರಡು ಚಳಿಗಾಲ ಬದುಕಿದ, ಅಷ್ಟೇ.”

“ನಂಗೆ ಶಾಲೇಲಿ ಯಾರೋ ಕೊಟ್ರು,” ಇಲ್ಪೊ ಯಾರ ಮುಖವನ್ನೂ ನೋಡದೆ ಹೇಳಿದ. “ಡಿಸ್ಕಿನ ಮೇಲೆ ಪೆನ್ನಲ್ಲಿ ಆಯ್ರೊ ಅಂತ ಬರೆದಿತ್ತು. ಅದೇ ಲಾಂಛನ ಅಂದ್ಕೊಂಡೆ. ಎಲ್ಲರ ಹತ್ರಾನೂ ಅದೇ ಇತ್ತು. ಇವತ್ತು ಬೆಳಗ್ಗೆ ಹಾಕಿದ್ರೆ... ಒಂದು ಹುಟ್ಟು. ಸದ್ದಿಲ್ಲ, ಏನಿಲ್ಲ. ಹೊರಗೆ ನಲವತ್ತು ಜನ ನರಿ ಬಿಲ್ಲೆ ಹಾಕ್ಕೊಂಡು ಕೂತಿದ್ರು. ಮೂವತ್ತು ವರ್ಷ ಕಳ್ಳರನ್ನ ಹಾಡಿ ಹೊಗಳಿದ್ದು ಅಂತ ಅವರ ಮುಂದೆ ಹೇಗೆ ಹೇಳ್ಲಿ?”

ಆ ನಲವತ್ತರಲ್ಲಿ ಪೆಟ್ಟಿಗೆ ಕೊಂಡವರು ಒಬ್ಬರೂ ಇರಲಿಲ್ಲ. ಕೊಂಡಿದ್ದರೆ ಯಾರಾದರೊಬ್ಬರು ಎಂದೋ ಹೇಳಿಬಿಡುತ್ತಿದ್ದರು. ನನಗೆ ಅಲ್ಲಿ ಕೂತಿರಲು ಅಸಹ್ಯವಾಯಿತು.

“ರೈಲಿ,” ಹೆಲ್ವಿಯ ದನಿ ಮೆತ್ತಗಾಯಿತು, “ನೀವು ಒಳಗೆ ಬಂದ ತಕ್ಷಣ ಬಿಲ್ಲೆಗಳನ್ನ ನೋಡಿರ್ತೀರಿ. ಆಗಲೇ ಒಂದು ಮಾತು ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು. ಈ ಕೂಟದ ಕರಪತ್ರ ಬಂದಾಗ್ಲೇ ಅದರ ಮೇಲೆ ನರಿ ನೋಡಿದ್ದೆ. ಹುಟ್ಟು ಬಂದಾಗ ಈ ಮುಖಗಳು ಹೇಗಾಗುತ್ತೆ ನೋಡ್ಬೇಕಿತ್ತು ನಂಗೆ. ಅದಕ್ಕೇ ಬಂದೆ.”

“ಒಂದು ಪ್ರತಿ ಮಾಡಿಸಿ ಇಟ್ಕೊಂಡು ಬರ್ಬೇಕಿತ್ತು ನೀವು,” ಎಂದ ಯೊನ್ನೆ.

“ಪ್ರತಿನಾ?” ರೈಲಿ ಅವನನ್ನು ಸುಮ್ಮನೆ ನೋಡಿದಳು. “ಆ ಮಾತು ನಮ್ಮ ಮನೇಲಿ ಯಾರೂ ಎತ್ತಲ್ಲ.”

ಟೋರ್ಸ್ಟೆನ್ ಮೇಜು ಗುದ್ದಿದ. “ಇಲ್ಪೊ! ಕಂಡಕಂಡ ಲಾಂಛನಕ್ಕೆಲ್ಲ ಪ್ರತಿ ಮಾಡಿ ಇಡೋನು ನೀನು. ಅಳಿಸೋಕೆ ಮುಂಚೆ ಇದನ್ನೂ—?”

ಇಲ್ಪೊ ತಲೆ ಅಲ್ಲಾಡಿಸಿದ. ಅವನು ಜೀವನದಲ್ಲಿ ಪ್ರತಿ ಮಾಡದೆ ಬಿಟ್ಟದ್ದು ಅದೊಂದನ್ನೇ.

ರೈಲಿ ಎದ್ದು, ಕುರ್ಚಿಯನ್ನು ಎಳೆದು ಅವನ ಎದುರಿಗೆ ಹಾಕಿ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೇ ವಾಸಿಯಿತ್ತು.

“ಹಳೇ ಯಂತ್ರ ಮಾರಿಹೋದ್ಮೇಲೆ ನಾನು ಅದನ್ನ ನೋಡೇ ಇಲ್ಲ. ಇವತ್ತು ನೋಡೋಣ ಅಂತಿದ್ದೆ. ಕೊನೇದಾಗಿ ನೋಡಿದೋನು ನೀನು. ಹೇಳು, ಹೇಗಿತ್ತು?”

“ಹುಟ್ಟು... ನೀರಿಗೆ ಇಳೀತು.”

“ಯಾವ ಕಡೆಯಿಂದ?”

“ಬಲಗಡೆ. ಅಲ್ಲ... ಎಡಗಡೆ ಇರ್ಬೇಕು.”

“ಮೇಲೆ ಎದ್ದಾಗ ತುದಿಯಿಂದ ಒಂದು ಹನಿ ಬೀಳುತ್ತೆ. ಅದೊಂದು ಹನಿಗೋಸ್ಕರ ಪಾವೊ ಊಟ ನಿದ್ದೆ ಬಿಟ್ಟು ಕೂತಿದ್ದ. ಹನಿ ಬಿತ್ತಾ?”

ಇಲ್ಪೊ ಕಣ್ಣು ಮುಚ್ಚಿದ. ನರಿಯ ಯಾವ ಕಿವಿ ಅದುರಿತು ಎಂದು ಹೇಳಬಲ್ಲವನ ತುಟಿ ಬರಿದೇ ಅಲುಗಿತು. ರೈಲಿ ಅವನ ಬಾಯನ್ನೇ ನೋಡುತ್ತಾ ಕಾದಳು.

“ಗೊತ್ತಿಲ್ಲ,” ಎಂದ ಕೊನೆಗೆ. “ನಾನು ಸರಿಯಾಗಿ ನೋಡ್ಲಿಲ್ಲ. ನರಿ ಯಾವಾಗ ಬರುತ್ತೆ ಅಂತ ಕಾಯ್ತಾ ಇದ್ದೆ.”