ಎತ್ತದೆ ಉಳಿದ ಕೈ

ಕಟಿಂಗ್ ಮಾಸ್ಟರ್ ಸಭೆಯಲ್ಲಿ ಎದ್ದು ನಿಂತಾಗ ಕಾಜಾ ಹೊಲಿಯುವ ಹುಡುಗಿಯ ಎದೆ ಡವಡವ ಅಂದಿತು. ಅವನ ಕಣ್ಣು ಸೀದಾ ಅವಳತ್ತ ಬಂದು, ಸಿಕ್ಕಿಬಿದ್ದೆನೆಂಬಂತೆ ಥಟ್ಟನೆ ಗೋಡೆಯ ಕಡೆ ತಿರುಗಿತು.

ಆ ಹೊಲಿಗೆ ಸಂಘಕ್ಕೆ ಯಜಮಾನ ಅಂತ ಒಬ್ಬನಿಲ್ಲ. ಷೇರು ಹಾಕಿದ ಸದಸ್ಯರೇ ಯಜಮಾನರು. ಮಾಸ್ಟರ್‌ಗೂ ಒಂದೇ ಮತ, ಗುಂಡಿ ಹಚ್ಚುವವರಿಗೂ ಒಂದೇ ಮತ. ಇಸ್ತ್ರಿಯಮ್ಮ ಮಾತ್ರ ಇನ್ನೂ ದಿನಗೂಲಿ. ಅವರಿಗೆ ಲಾಭದಲ್ಲಿ ಪಾಲಿಲ್ಲ, ಸಭೆಯಲ್ಲಿ ಜಾಗವಿಲ್ಲ.

“ಇಸ್ತ್ರಿಯಮ್ಮನ್ನೂ ಸದಸ್ಯರನ್ನಾಗಿ ಸೇರಿಸ್ಕೊಳ್ಳೋಣ. ಒಪ್ಪೋರು ಕೈ ಎತ್ತಿ,” ಎಂದ ಮಾಸ್ಟರ್.

ಹುಡುಗಿಯ ಪಕ್ಕದಲ್ಲಿದ್ದ ಅವಳ ಅಕ್ಕ ಮೊಣಕೈಯಲ್ಲಿ ತಿವಿದಳು. “ಎತ್ತೇ, ಎತ್ತು. ನಿಮ್ಮ ಮಾಸ್ಟರ್ ಹೇಳಿದ್ಮೇಲೆ ಮುಗೀತಲ್ಲ!”

ಹಿಂದಿನ ಸಾಲು ಕಿಸಕ್ಕೆಂದಿತು. ಹುಡುಗಿಯ ಕಿವಿ ಬಿಸಿಯಾಯಿತು. ಎತ್ತಬೇಕೆಂದಿದ್ದ ಕೈ ಮಡಿಲಲ್ಲೇ ಉಳಿಯಿತು.

ಒಂದೇ ಒಂದು ಮತ ಸಾಲದೆ ಠರಾವು ಬಿದ್ದುಹೋಯಿತು.

ಸಭೆ ಮುಗಿದ ಮೇಲೆ ಹುಡುಗಿ, ಕುರ್ಚಿ ಮಡಚುತ್ತಿದ್ದ ಮಾಸ್ಟರ್ ಬಳಿ ಹೋಗಿ ನಿಂತಳು.

“ಕೋಪಾನಾ?”

“ನಿನ್ನ ಮತ ನಿಂದು. ಅವರು ಬೇಡ ಅನ್ನಿಸಿದ್ರೆ ತಪ್ಪೇನಿಲ್ಲ.”

“ಹಾಗನ್ನಿಸ್ಲಿಲ್ಲ. ಎಲ್ರೂ ನಗ್ತಾರೆ ಅಂತ...”

ಆಗ ಅವನು ತಲೆ ಎತ್ತಿ ನೋಡಿದ. ಬೈದಿದ್ದರೂ ಚೆನ್ನಾಗಿತ್ತು. ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಪಕ್ಕದ ಕೋಣೆಗೆ ಹೋದಾಗ ಇಸ್ತ್ರಿಯಮ್ಮ ಕಾಲರ್ ಒತ್ತುತ್ತಿದ್ದರು.

“ಆಗ್ಲಿಲ್ವಂತೆ, ಹೋಗ್ಲಿ ಬಿಡು. ನೀನಂತೂ ಕೈ ಎತ್ತಿರ್ತೀಯ, ನಂಗೊತ್ತು,” ಎಂದರು.

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ನಾಲಿಗೆ ಹೊರಳಲಿಲ್ಲ.

“ಇಲ್ಲಮ್ಮ. ಎತ್ಲಿಲ್ಲ.”

ಅವರು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಬಾಗಿಲಲ್ಲಿ ಅಕ್ಕ ನಗುತ್ತಾ ಬಂದು ನಿಂತಳು.

“ನಗು ಅಕ್ಕ,” ಎಂದಳು ಹುಡುಗಿ. “ನಂಗೆ ಮಾಸ್ಟರ್ ಅಂದ್ರೆ ಇಷ್ಟ. ಅದನ್ನ ಮುಚ್ಚಿಡೋಕೆ ಹೋಗಿ ಇವರ ಪಾಲು ಕಿತ್ಕೊಂಡೆ.”

ಅಕ್ಕನ ನಗು ಇಳಿಯಿತು.

“ಇಷ್ಟಪಡೋದಕ್ಕೆ ಯಾತರ ನಾಚಿಕೆ?” ಎಂದರು ಇಸ್ತ್ರಿಯಮ್ಮ. “ನಂಗೆ ಮಾಡಿದ್ಯಲ್ಲ, ಅದಕ್ಕೆ ನಾಚ್ಕೋ.”

“ನಾಚಿಕೆ ಆಗ್ತಿದೆಯಮ್ಮ. ಮುಂದಿನ ಸಭೇಲಿ ನಾನೇ ಠರಾವು ತರ್ತೀನಿ.”

“ಅನುಮೋದಿಸೋಕೆ ಇನ್ನೊಬ್ರು ಬೇಕಲ್ವಾ?” ಅಕ್ಕನ ಹಿಂದಿನಿಂದ ಮಾಸ್ಟರ್ ದನಿ ಬಂತು. ಅವನು ಎಲ್ಲ ಕೇಳಿಸಿಕೊಂಡಿದ್ದ. “ನಾನಿದೀನಿ. ಠರಾವಿಗೂ, ಈಗ ನಿಮ್ಮಕ್ಕನ ಮುಂದೆ ಹೇಳಿದ್ಯಲ್ಲ, ಅದಕ್ಕೂ.”

ಅವಳಿಗೆ ಅವನತ್ತ ತಿರುಗಲು ಆಗಲಿಲ್ಲ. ಇಸ್ತ್ರಿಯಮ್ಮನ ಮುಖ ನೋಡುತ್ತಲೇ ಹೂಂ ಅಂದಳು.