ಅದ್ನಾರು ಅಂದದ್ದು ವಯಸ್ಸಲ್ಲ

ಮದನ್‌ನ ಕೈಗೆ ಏನೂ ಆಗಿರಲಿಲ್ಲ. ಆದರೂ ಅರ್ಪಿತ ಅದಕ್ಕೆ ಪಟ್ಟಿ ಕಟ್ಟುತ್ತಿದ್ದಳು. ಅದೂ ಮೂರನೇ ಸಲ.

ಅಭ್ಯಾಸಕ್ಕೆ ಯಾರಾದರೊಬ್ಬರು ಕೈ ಚಾಚಲೇಬೇಕು, ನಿಜ. ನಂಜನಗೂಡಿನ ಆ ಪ್ಯಾರಾಮೆಡಿಕ್ ತರಬೇತಿ ಕೇಂದ್ರದಲ್ಲಿ ಹನ್ನೊಂದು ಜನ ಕಲಿಯುತ್ತಿದ್ದರು, ಒಟ್ಟು ಇಪ್ಪತ್ತೆರಡು ಕೈ. ಅಷ್ಟರಲ್ಲಿ ಮದನ್‌ನ ಕೈಯೇ ಯಾಕೆ ಬೇಕಿತ್ತು ಎಂಬುದು ನಂಜೇಶನ ಪ್ರಶ್ನೆ. ಅದನ್ನು ಅವನು ಯಾರನ್ನೂ ಕೇಳಿರಲಿಲ್ಲ. ಕೇಳುವ ಧೈರ್ಯವಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅವತ್ತು ಆಂಬುಲೆನ್ಸಿನ ಫೋನಿನ ಮುಂದೆ ಕೂರುವ ಸರದಿ ಅವನದು. ಕಿಟಕಿಯಾಚೆ ವರಾಂಡ, ವರಾಂಡದಲ್ಲಿ ಅವರಿಬ್ಬರು. ಬಿಳಿಗೆರೆಯ ಈ ಹುಡುಗಿಗೆ ಗಂಟು ಹಾಕುವಾಗ ನಾಲಿಗೆಯ ತುದಿ ತಾನಾಗಿ ತುಟಿಯ ಮೂಲೆಗೆ ಬರುತ್ತದೆ. ಕೂದಲೆಳೆ ಕಣ್ಣಿಗೆ ಬಿದ್ದರೆ, ಕೈ ಬಿಡುವಿಲ್ಲವೆಂದು ಉಫ್ ಎಂದು ಊದುತ್ತಾಳೆ. ಟಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡು ಬರುವ ನಂಜೇಶ ಎರಡು ತಿಂಗಳಿಂದ ಅದನ್ನೇ ನೋಡಲು ಕಾಯುತ್ತಿದ್ದ. ಮದನ್‌ಗೆ ಅಂಥ ಕಷ್ಟವೇನಿಲ್ಲ. ಅವನು ಚಿಕ್ಕಯ್ಯನಛತ್ರದಿಂದ ಬುಲೆಟ್‌ನಲ್ಲಿ ಬರುತ್ತಾನೆ.

"ಬಿಗಿ ಆಯ್ತಾ?" ಎಂದಳು ಅರ್ಪಿತ.

"ಪ್ರಾಣ ಹೋಯ್ತದೆ ಕಣಮ್ಮ."

"ಹೋಗ್ಲಿ ಬಿಡು, ವಾಪಸ್ ತರೋದನ್ನೇ ಅಲ್ವಾ ಕಲೀತಿರೋದು!"

ಇಬ್ಬರೂ ನಕ್ಕರು. ನಂಜೇಶನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಹುರಿದಂತಾಯಿತು. ಅವಳು ಮದನ್‌ಗಾದರೆ ಬಿಡು, ಹೋಗು ಎನ್ನುತ್ತಾಳೆ. ತನಗೆ ಮಾತ್ರ ರೀ!

ಆಗಲೇ ಫೋನ್ ಹೊಡೆದುಕೊಂಡಿತು.

"ಸಾ, ಬೇಗ್ ಬನ್ನಿ ಸಾ! ಉಸ್ರು ಕಟ್ಕೊಂಡದೆ, ಮಾತೇ ಬತ್ತಾ ಇಲ್ಲ!"

"ವಯಸ್ಸೆಷ್ಟು, ಎಲ್ಲಿ ಹೇಳಿ," ಎಂದ ನಂಜೇಶ. ಎರಡು ಪ್ರಶ್ನೆ, ಒಂದೇ ಉಸಿರು. ಕಣ್ಣು ಇನ್ನೂ ಕಿಟಕಿಯಲ್ಲೇ ಇತ್ತು.

"ಅದ್ನಾರು ಸಾ, ಅದ್ನಾರು! ಬಸವನ ಗುಡಿ ಪಕ್ಕ!"

ವಯಸ್ಸು ಹದಿನಾರು ಎಂದು ಬರೆದುಕೊಂಡ. ಬಸವನ ಗುಡಿ ಎಂದರೆ ಇಲ್ಲೇ ಪೇಟೆಯಲ್ಲಿರುವುದು ಎಂದುಕೊಂಡ. ಹದಿನಾರು ಎಂಬ ಊರು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಸೋದರತ್ತೆಯನ್ನು ಕೊಟ್ಟಿರುವುದೇ ಆ ಊರಿಗೆ, ಅವಳ ಬಾಯಲ್ಲೂ ಅದು ಅದ್ನಾರೇ. ಎದುರಿಗೆ ಆ ನಗು ಇಲ್ಲದಿದ್ದರೆ ನಿದ್ದೆಗಣ್ಣಿನಲ್ಲೂ ತಿಳಿಯುತ್ತಿತ್ತು.

ಗಾಡಿ ಹೊರಟಿತು. ಅದರಲ್ಲಿ ಹೋದವರೂ ಅರ್ಪಿತ, ಮದನ್. ನಂಜೇಶ ಇನ್ನಷ್ಟು ಉರಿದುಕೊಂಡು ಕೂತ.

ಹತ್ತು ನಿಮಿಷಕ್ಕೆ ಮದನ್ ಫೋನ್ ಮಾಡಿದ. "ಗುರು, ಇಲ್ಲಿ ಯಾರೂ ಇಲ್ಲ. ಬೀದಿಯವ್ರನ್ನೆಲ್ಲ ಕೇಳಿದ್ವಿ. ಹದಿನಾರು ಅಂದಿದ್ದು ವಯಸ್ಸಾ, ಊರಾ?"

ನಂಜೇಶ ತಾನು ಬರೆದುಕೊಂಡದ್ದನ್ನು ಮತ್ತೊಮ್ಮೆ ಓದಿದ. ಬಂದ ನಂಬರಿಗೆ ತಿರುಗಿ ಫೋನ್ ಮಾಡಿದ. "ಊರು ಸಾ! ನಮ್ಮವ್ವುಂಗೆ ಎಪ್ಪತ್ತಾಯ್ತು!" ಎಂದು ಆ ಕಡೆಯ ದನಿ ಅಳುತ್ತಿತ್ತು.

ಗಾಡಿ ಹದಿನಾರಿನತ್ತ ತಿರುಗಿತು. ಪುಟ್ಟಗೌರಮ್ಮ ಎಂಬ ಆ ಅಜ್ಜಿ ಬದುಕಿತು. ಅರ್ಪಿತ ಆಕ್ಸಿಜನ್ ಹಾಕುವ ಹೊತ್ತಿಗೆ ತುಟಿ ನೀಲಿಯಾಗಿತ್ತಂತೆ. ಇನ್ನೊಂದಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಕೇಂದ್ರಕ್ಕೆ ವಾಪಸ್ ಬಂದ ಅರ್ಪಿತ ನಂಜೇಶನ ಕಡೆ ನೋಡಲಿಲ್ಲ. ಮಾರನೇ ದಿನವೂ ನೋಡಲಿಲ್ಲ, ಅದರ ಮಾರನೇ ದಿನವೂ ಇಲ್ಲ.

ಶನಿವಾರ ಬಂತು. ಶನಿವಾರ ಎಲ್ಲರೂ ವಾರದ ತಪ್ಪನ್ನು ಬೋರ್ಡಿನ ಮೇಲೆ ಬರೆಯಬೇಕು, ಪಕ್ಕದಲ್ಲಿ ಕಾರಣವನ್ನೂ ಬರೆಯಬೇಕು. ಇದು ಪಾಠ ಹೇಳುವ ವನಜಾಕ್ಷಿ ಮೇಡಂ ಮಾಡಿದ ಕಾನೂನು. "ಗಮನ ಇರ್ಲಿಲ್ಲ ಅಂತ ಬರೀಬೇಡಿ. ಗಮನ ಎಲ್ಲಿತ್ತು ಅಂತ ಬರೀರಿ," ಎನ್ನುತ್ತಿದ್ದರು.

"ಲೈನ್ ಸರಿ ಇರ್ಲಿಲ್ಲ ಅಂತ ಬರ್ದ್‌ಬುಡು ಗುರು, ಯಾರು ಕೇಳ್ತಾರೆ?" ಎಂದು ಮದನ್ ಮೆಲ್ಲಗೆ ಹೇಳಿಕೊಟ್ಟ. ಇದನ್ನೂ ನಂಜೇಶನಿಗೆ ತಡೆಯಲಾಗಲಿಲ್ಲ. ಬುಲೆಟ್ ಇರುವುದು ಸಾಲದೆ ಇವನು ಒಳ್ಳೆಯವನೂ ಆಗಿರಬೇಕೇ?

ಚಾಕ್‌ಪೀಸ್ ಎತ್ತಿಕೊಂಡ. ತಪ್ಪು: ಎರಡು ಪ್ರಶ್ನೆ ಒಟ್ಟಿಗೆ ಕೇಳಿದೆ. ಉತ್ತರವನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳಲಿಲ್ಲ. ಕಾರಣದ ಹತ್ತಿರ ಕೈ ನಿಂತಿತು. ಸುಳ್ಳು ಬರೆದರೆ ಮಾನ ಉಳಿಯುತ್ತಿತ್ತು. ನಿಜ ಬರೆದರೆ ಅವಳು ಇನ್ನೆಂದೂ ತಿರುಗಿ ನೋಡದೆ ಹೋಗಬಹುದು. ಕಣ್ಣು ಮುಚ್ಚಿ ಬರೆದೇಬಿಟ್ಟ: ಅರ್ಪಿತ.

ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಅರ್ಪಿತ ಎದ್ದು ನಿಂತಳು. ಕೆನ್ನೆ ಕೆಂಪಾಗಿತ್ತು, ನಾಚಿಕೆಯಿಂದಲ್ಲ.

"ಆ ಹೆಸ್ರು ಅಳಿಸ್ರೀ. ನನ್ ಪಾಡಿಗೆ ನಾನು ಪಟ್ಟಿ ಕಟ್ತಿದ್ದೆ. ಆ ಅಜ್ಜಿ ತುಟಿ ನೀಲಿ ಆಗಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಅದಕ್ಕೆ ಕಾರಣ ನಾನಾ?"

ನಂಜೇಶನಿಗೆ ಆಗ ಹೊಳೆಯಿತು. ನಿಜ ಬರೆಯುತ್ತೇನೆಂದು ಹೊರಟು ತನ್ನ ತಪ್ಪನ್ನು ಅವಳ ತಲೆಗೇ ಕಟ್ಟಿದ್ದ. ಹೆಸರನ್ನು ಅಂಗೈಯಿಂದಲೇ ಒರೆಸಿದ. ಅಲ್ಲಿ ಬರೆದ: ನನ್ನ ಹೊಟ್ಟೆಕಿಚ್ಚು.

ಆಮೇಲೆ ತಿರುಗಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ. "ಅರ್ಪಿತ ಅವ್ರು ನಂಗಿಷ್ಟ. ಅದು ತಪ್ಪಲ್ಲ. ಅವ್ರು ಇನ್ನೊಬ್ರ ಜೊತೆ ನಗೋದನ್ನ ನೋಡ್ತಾ ಫೋನ್ ಎತ್ತಿದ್ನಲ್ಲ, ಅದು ತಪ್ಪು."

ಈ ಸಲ ಯಾರೂ ಸಿಳ್ಳೆ ಹೊಡೆಯಲಿಲ್ಲ.

"ಒಂದ್ ತಿಂಗ್ಳು ಫೋನ್ ಮುಟ್ಟಂಗಿಲ್ಲ. ಸ್ಟ್ರೆಚರ್ ತೊಳೀರಿ," ಎಂದರು ವನಜಾಕ್ಷಿ ಮೇಡಂ. ಅವರ ದನಿ ಮಾತಿನಷ್ಟು ಗಡುಸಾಗಿರಲಿಲ್ಲ.

ಸಂಜೆ ಹಿತ್ತಲಲ್ಲಿ ಅವನು ಸ್ಟ್ರೆಚರ್ ಉಜ್ಜುತ್ತಿದ್ದಾಗ ಅರ್ಪಿತ ಬಂದು ನಲ್ಲಿಯ ಪಕ್ಕ ನಿಂತಳು.

"ಅಜ್ಜಿ ಆಸ್ಪತ್ರೇಲಿ ಮುದ್ದೆನೇ ಬೇಕು ಅಂತ ಜಗಳ ತೆಗ್ದದೆ."

"ಹೌದಾ!" ಅವನಿಗೆ ಅಳುವೇ ಬಂತು.

"ಏನಾದ್ರೂ ಆಗಿದ್ರೆ ನಿಮ್ ಮುಖ ನೋಡ್ತಿರ್ಲಿಲ್ಲ ನಾನು."

"ಗೊತ್ತು ಕಣ್ರೀ."

"ಮದನ್ ಜೊತೆ ಇನ್ನೂ ನಗ್ತೀನಿ. ಅವ್ನು ನಂಗೆ ಫ್ರೆಂಡು. ತಡ್ಕೋತೀರಾ?"

ಧಾರಾಳವಾಗಿ ಹೂಂ ಎನ್ನಬಹುದಿತ್ತು. "ಉರೀತದೆ," ಎಂದ. "ಆದ್ರೆ ಫೋನ್ ಬಂದಾಗ ಆ ಕಡೆ ತಿರುಗಲ್ಲ."

ಅವಳು ತೋಳಿನ ಬಟ್ಟೆ ಮೇಲಕ್ಕೆ ಮಡಚಿ, ಇನ್ನೊಂದು ಬ್ರಶ್ ತೆಗೆದುಕೊಂಡು ಸ್ಟ್ರೆಚರಿನ ಆಚೆ ಬದಿಗೆ ಕೂತಳು. ಸ್ವಲ್ಪ ಹೊತ್ತು ಉಜ್ಜಿದಳು. ತಲೆ ಎತ್ತದೆಯೇ ಹೇಳಿದಳು.

"ಡ್ಯೂಟಿ ಮುಗಿದ್ಮೇಲೆ ಒಂಚೂರು ಉರೀಲಿ. ಪೂರ್ತಿ ಆರಿಹೋದ್ರೆ ನಂಗೂ ಬೇಜಾರಾಯ್ತದೆ ಕಣೋ."