ನೂರ ಎಂಬತ್ತೇಳು-ಅ

ಮೊದಲ ದಿನವೇ ಅವಳು ಅವನನ್ನು ಪ್ರಿಂಟರಿನ ಕೆಳಗೆ ನುಗ್ಗಿಸಿದ್ದಳು.

ಟೋನರ್ ಬದಲಿಸುವವನು ಬೆಳಗಿನಿಂದ "ಬಂದೆ, ಬಂದೆ" ಎನ್ನುತ್ತಲೇ ಕೈಕೊಟ್ಟಿದ್ದ. ಅಷ್ಟರಲ್ಲಿ ಹೆಗಲಿಗೊಂದು ಚೀಲ ಹಾಕಿಕೊಂಡು ತಿಳಿನೀಲಿ ಅಂಗಿಯವನೊಬ್ಬ ಪ್ರೆಸ್ಸಿನ ಬಾಗಿಲಲ್ಲಿ ನಿಂತ.

"ಈಗ ಪುರುಸೊತ್ತಾಯ್ತಾ? ಅಲ್ಲಿದೆ ನೋಡಿ. ಹಿಂದಿನ ಮುಚ್ಚಳ ತೆಗೀರಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ. ಕಾಲು ಗಂಟೆಯ ಮೇಲೆ ಮೊಣಕೈವರೆಗೆ ಮಸಿ ಮೆತ್ತಿಕೊಂಡು ಎದ್ದು ನಿಂತ.

"ಕಾಗದ ಸಿಕ್ಕಿಕೊಂಡಿತ್ತು, ತೆಗೆದಿದ್ದೀನಿ. ಅಂದ ಹಾಗೆ, ನಾನು ಗಡಿಯಾರದಂಗಡಿಯವರ ತಮ್ಮನ ಮಗ. ದೊಡ್ಡಪ್ಪನ ಪುಸ್ತಕದ ವಿಷಯ ಮಾತಾಡೋಣ ಅಂತ ಬಂದೆ."

ನೆಲ ಬಾಯಿ ಬಿಟ್ಟಿದ್ದರೆ ಅವಳು ಆಗಲೇ ಇಳಿದುಬಿಡುತ್ತಿದ್ದಳು. "ಮೊದಲೇ ಹೇಳಬಾರದಾ ಸರ್?"

"ಹೇಳೋಕೆ ಬಿಟ್ಟರೆ ತಾನೇ ಮೇಡಂ!"

ನಕ್ಕಾಗ ಅವನ ಮೂಗಿನ ತುದಿಯಲ್ಲಿದ್ದ ಮಸಿಯೂ ಕುಣಿಯಿತು. ಅದನ್ನು ಒರೆಸಿಕೊಳ್ಳಿ ಎಂದು ಹೇಳಬೇಕೆನಿಸಿದರೂ ಅವಳು ಹೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡೋಣ ಎನ್ನಿಸಿತ್ತು.

ದೊಡ್ಡಪ್ಪನ ಪುಸ್ತಕವೆಂದರೆ ಸಾಮಾನ್ಯದ್ದಲ್ಲ. ಐವತ್ತು ವರ್ಷ ರಿಪೇರಿ ಮಾಡಿದ ಗಡಿಯಾರಗಳಲ್ಲಿ ಮರೆಯಲಾಗದ ಮುನ್ನೂರ ಹನ್ನೆರಡನ್ನು ಆರಿಸಿ, ಒಂದೊಂದಕ್ಕೂ ಒಂದೊಂದು ಪುಟ ಬರೆದಿದ್ದರು. ಟೈಪ್ ಮಾಡಿದ್ದು ಒಂದೇ ಬೆರಳಿನಲ್ಲಿ. ಒಂದು ಗಡಿಯಾರಕ್ಕೆ ಒಂದು ಫೈಲು, ಒಂದು ಫೈಲಿಗೆ ಒಂದು ನಂಬರು. ಯಾವ ಕಾಲದ ಫಾಂಟೋ ಏನೋ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲಾಗುತ್ತಿದ್ದವು. ಒಂದೊಂದು ಪುಟವನ್ನೂ ಕಣ್ಣಿಟ್ಟು ತಿದ್ದಬೇಕಿತ್ತು.

ಅವನು ಲೈಬ್ರರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಬೆಳಗಿನ ಪಾಳಿ ಮುಗಿಸಿ ದಿನಾ ನಾಲ್ಕಕ್ಕೆ ಬರುತ್ತಿದ್ದ. ಅವಳು ಪರದೆಯ ಮುಂದೆ, ಅವನು ಪಕ್ಕದ ಸ್ಟೂಲಿನ ಮೇಲೆ. ಅವನು ಓದುತ್ತಿದ್ದ, ಅವಳು ತಿದ್ದುತ್ತಿದ್ದಳು. ಸೇತುವೆ ಕಟ್ಟಿದ ಮೇಸ್ತ್ರಿಯ ಕೈಗಡಿಯಾರ. ಮದುವೆ ಮುರಿದ ದಿನವೇ ನಿಂತುಹೋದ ಗೋಡೆ ಗಡಿಯಾರ. ಒಂದೊಂದನ್ನು ಓದಿ ಮುಗಿಸಿದಾಗಲೂ ಇಬ್ಬರೂ ಪರಸ್ಪರ ನೋಡಿಕೊಳ್ಳುತ್ತಿದ್ದರು. ಒಬ್ಬ ಮುದುಕರ ಒಂದೇ ಬೆರಳಿನಿಂದ ಇಷ್ಟೊಂದು ಜನರ ಬದುಕು ಹೇಗೆ ಬಂದು ಕೂತಿತೆಂದು ಅವಳಿಗೆ ಅಚ್ಚರಿ. ಅದನ್ನು ಓದುವ ಈ ದನಿ ಇಷ್ಟು ದಿನ ಎಲ್ಲಿತ್ತು ಎಂಬುದು ಅದಕ್ಕಿಂತ ದೊಡ್ಡ ಅಚ್ಚರಿ.

ಮೂವತ್ತೊಂದು ವರ್ಷ ತುಂಬಿದ ಹೆಣ್ಣು ನಾಲ್ಕು ಗಂಟೆಗೆ ಮುಖ ತೊಳೆದುಕೊಂಡು ಬರುವುದು ಅಪ್ಪನ ಕಣ್ಣಿಗೆ ಬೀಳದಿರುತ್ತದೆಯೇ? ಬಿತ್ತು. ಪ್ರೆಸ್ಸಿನ ಯಜಮಾನರಾದ ಅಪ್ಪ ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಮತ್ತೆ ಬೈಂಡಿಂಗ್ ದಾರಕ್ಕೆ ಕೈ ಹಾಕಿದರು.

ಎರಡು ತಿಂಗಳಿಗೆ ತಿದ್ದುವುದು ಮುಗಿಯಿತು. ಆ ದಿನವೇ ಅವನು ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದ.

"ಬಡ್ತಿ ಮೇಲೆ ವರ್ಗ ಆಗಿದೆ. ದೂರದ ಊರು. ಬೇಡ ಅಂದರೆ ಶುಕ್ರವಾರದೊಳಗೆ ತಿಳಿಸಬೇಕು. ಇಲ್ಲಾಂದ್ರೆ ಸೋಮವಾರ ಅಲ್ಲಿ ಹಾಜರಾಗಬೇಕು."

"ಒಳ್ಳೇದಾಯ್ತಲ್ಲ" ಎಂದಳು.

"ಹೌದು, ಎಲ್ಲರೂ ಹಾಗೇ ಅಂತಾರೆ" ಎಂದು ಅವನು ಕಾಗದ ಮಡಿಚಿದ. ಬೇಡವೆನ್ನಲು ತನಗೊಂದು ಕಾರಣ ಸಿಗಬಹುದೇ ಎಂದು ಅವನ ಕಣ್ಣು ಕೇಳುತ್ತಿತ್ತೋ, ತನಗೇ ಹಾಗೆ ಕಂಡಿತೋ ಅವಳಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ, ಪ್ರೆಸ್ಸಿಗೆ ಯಾರೂ ಬರುವ ಮೊದಲು, ಅವಳು ಅವನಿಗೊಂದು ಪತ್ರ ಟೈಪ್ ಮಾಡಿದಳು. ಅರ್ಧಕ್ಕೆ ಬಂದಾಗ ಅಪ್ಪನ ಚಪ್ಪಲಿಯ ಸದ್ದು. ಆ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಂಡ ಫೈಲನ್ನೆಲ್ಲ ತೆರೆದು ನೋಡುವುದು ಅಪ್ಪನ ಅಭ್ಯಾಸ. ಗಡಿಯಾರದ ಫೋಲ್ಡರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವಳು ಪತ್ರವನ್ನು ಅಲ್ಲಿಗೇ ತಳ್ಳಿ, ಗುಂಪಿನಲ್ಲಿ ಸೇರಿಹೋಗಲಿ ಎಂದು 187-ಅ ಎಂದು ಹೆಸರಿಟ್ಟಳು. ಮುನ್ನೂರರ ನಡುವೆ ಒಂದು ಯಾರಿಗೆ ಕಾಣುತ್ತದೆ?

ಇನ್ನುಳಿದದ್ದು ಫೈಲುಗಳನ್ನೆಲ್ಲ ಪ್ರಿಂಟರಿಗೆ ಒಗ್ಗುವ ಪಿಡಿಎಫ್ ಮಾಡುವ ಕೆಲಸ. ಅವಳಿಗೆ ಗೊತ್ತಿದ್ದ ದಾರಿ ಒಂದೇ: ತೆರೆ, ಕಾಗದದ ಅಳತೆ ಆರಿಸು, ಸೇವ್ ಮಾಡು, ಮುಚ್ಚು, ಮುಂದಿನದಕ್ಕೆ ಹೋಗು. ಬೇರೆ ಕೆಲಸಗಳ ನಡುವೆ ಹದಿನೈದು ದಿನವಾದರೂ ಬೇಕು. ಪುಸ್ತಕ ಮುಗಿಯದೆ ಅವನು ಊರು ಬಿಡಲಾರ ಎಂದು ಅವಳು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದಳು.

ಗುರುವಾರ ನಾಲ್ಕಕ್ಕೆ ಅವನು ಬಂದವನೇ, "ಒಂದೊಂದೇ ತೆರೀತೀರಾ? ಅಷ್ಟು ಕಷ್ಟ ಯಾಕೆ? ಸ್ವಲ್ಪ ಸರೀರಿ" ಎಂದ.

ಸರಿದಳು. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆರೆಯಿತು. ಚಿತ್ರವಿಲ್ಲ, ಗುಂಡಿಯಿಲ್ಲ, ಬರೀ ಮಿನುಗುವ ಒಂದು ಗೆರೆ. ಅವನು ಅದರಲ್ಲಿ ಒಂದೇ ಒಂದು ಸಾಲು ಟೈಪ್ ಮಾಡಿದ.

"ಈ ನಕ್ಷತ್ರ ಯಾಕೆ?"

"ನಕ್ಷತ್ರ ಅಂದ್ರೆ ‘ಎಲ್ಲಾ’ ಅಂತ. ಅದು ಬೇಕು, ಇದು ಬೇಡ ಅಂತ ಆರಿಸಲ್ಲ. ಫೋಲ್ಡರಲ್ಲಿ ಇರೋದನ್ನೆಲ್ಲಾ ತಗೊಂಡು ಪಿಡಿಎಫ್ ಮಾಡುತ್ತೆ. ಅಕ್ಷರಗಳನ್ನೂ ಒಳಗೇ ಕಟ್ಟಿಕೊಡುತ್ತೆ, ಯಾವ ಪ್ರಿಂಟರಿಗೆ ಹೋದರೂ ಒಂದು ಕೊಂಬೂ ಅಲುಗಲ್ಲ."

ಎಂಟರ್ ಒತ್ತುವ ಮೊದಲು ಅವನ ಬೆರಳು ಗುಂಡಿಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಒತ್ತಿತು.

ಸಾಲುಗಳು ಏಳತೊಡಗಿದವು. 001, 002, 003. ಯಾರೂ ಮುಟ್ಟುತ್ತಿಲ್ಲ, ಯಾರೂ ತೆರೆಯುತ್ತಿಲ್ಲ. ಮೇಸ್ತ್ರಿಯ ಗಡಿಯಾರ ಹೋಯಿತು, ಮದುವೆಮನೆಯ ಗಡಿಯಾರ ಹೋಯಿತು, ಎರಡು ತಿಂಗಳ ಸಂಜೆಗಳು ಒಂದರ ಹಿಂದೊಂದು ಮೇಲೇರಿ ಮರೆಯಾದವು. ಅವಳು ಕೈಯನ್ನು ಕೆನ್ನೆಗಿಟ್ಟುಕೊಂಡು ಬೆರಗಾಗಿ ಕೂತಳು. ಹದಿನೈದು ದಿನ ಕಣ್ಣೆದುರಿಗೇ ಕರಗುತ್ತಿತ್ತು. ಇಷ್ಟು ಚೆಂದದ ಸಂಗತಿಯೊಂದು ಇಷ್ಟು ಸಂಕಟ ಕೊಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

185, 186, 187, 187-ಅ.

ಕೆನ್ನೆಗಿಟ್ಟಿದ್ದ ಅವಳ ಕೈ ಕೆಳಗೆ ಜಾರಿತು. ಅವನು ಆ ಹೊತ್ತಿಗೆ ಪರದೆಯನ್ನಲ್ಲ, ಅವಳ ಮುಖವನ್ನು ನೋಡುತ್ತಿದ್ದ.

"ಚೆನ್ನಾಗಿದೆ ಅಲ್ವಾ?"

"ಹ್ಞೂಂ" ಎಂದಳು. ಪ್ರಿಂಟ್ ಮಾಡುವ ಮೊದಲು ಹೇಗಾದರೂ ತೆಗೆದರಾಯಿತು ಎಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ಪ್ರಿಂಟರ್ ಗುರ್ರೆಂದಿತು.

"ಪ್ರಿಂಟ್ ಮಾಡೋದನ್ನೂ ಅದೇ ಸಾಲಿನ ಕೊನೆಗೆ ಸೇರಿಸಿಬಿಟ್ಟೆ. ದೊಡ್ಡಪ್ಪ ಪ್ರೂಫಿಗೆ ಕಾಯ್ತಿದ್ದಾರೆ."

ಅವಳು ಎದ್ದು ಹೋಗಿ ಪ್ರಿಂಟರಿನ ಬಳಿ ಕಾವಲು ನಿಂತಳು. ನೂರ ಐವತ್ತರವರೆಗೆ ಎಲ್ಲವೂ ಸರಿಯಿತ್ತು. ಆಗ ಕೌಂಟರಿಗೆ ಒಬ್ಬ ಹೆಂಗಸು ಬಂದು, ವಿಸಿಟಿಂಗ್ ಕಾರ್ಡಿಗೆ ಯಾವ ಹಸಿರು ಒಪ್ಪುತ್ತದೆ ಎಂದು ಕೇಳಿದಳು. ಎಲೆ ಹಸಿರೋ, ಗಿಳಿ ಹಸಿರೋ, ಪಾಚಿ ಹಸಿರೋ ಎಂದು ತೀರ್ಮಾನವಾಗಿ ತಿರುಗಿ ನೋಡಿದರೆ ಟ್ರೇ ಖಾಲಿ. ಅಪ್ಪ ಬಿಸಿಬಿಸಿ ಕಟ್ಟನ್ನು ಸ್ಕೂಟರಿಗೆ ಹಾಕಿಕೊಂಡು ಹೊರಟೇ ಹೋಗಿದ್ದರು.

ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಸರಿಯಾಗಿ ಅವಳು ಗಡಿಯಾರದಂಗಡಿಯಲ್ಲಿದ್ದಳು. ರಾತ್ರಿ ನಿದ್ದೆ ಹೇಗಿತ್ತೆಂದು ಹೇಳಬೇಕಾಗಿಲ್ಲ. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಿದ್ದವು. ದೊಡ್ಡಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮುಂದೆ ಪ್ರೂಫ್ ಹರಡಿಕೊಂಡು ಕೂತಿದ್ದರು.

"ತಾತ, ಪ್ರೂಫಲ್ಲಿ ಒಂದು ಪುಟ ತಪ್ಪಿ ಬಂದಿದೆ…"

"ಬಂದಿದೆ ತಾಯಿ." ಅವರು ಒಂದು ಹಾಳೆಯನ್ನು ಬೇರೆಯಾಗಿ ಎತ್ತಿಟ್ಟಿದ್ದರು. "ಕ್ಷಮಿಸು, ಓದಿಬಿಟ್ಟೆ. ಪ್ರೂಫ್ ಅಂದುಕೊಂಡು ತಪ್ಪು ಹುಡುಕ್ತಾ ಓದಿದೆ. ಒಂದೂ ಸಿಗಲಿಲ್ಲ."

ಅವಳು ತಲೆ ತಗ್ಗಿಸಿದಳು. ಕಿವಿಯ ತುದಿಯವರೆಗೂ ಬಿಸಿಯೇರಿತು.

"ಅರ್ಧಕ್ಕೇ ನಿಂತಿದೆ" ಎಂದರು ಮೆತ್ತಗೆ. "ನಿಂತಿದ್ದನ್ನ ಹಾಗೇ ಬಿಡೋದು ನನ್ನ ಜಾಯಮಾನ ಅಲ್ಲ. ಆದರೆ ಇದು ನನ್ನ ಕೆಲಸ ಅಲ್ಲ. ಅವನಿಗೆ ತೋರಿಸಿಲ್ಲ. ರಜೆ ಹಾಕಿ ಒಳಗೆ ಇದ್ದಾನೆ, ಕಾಗದಪತ್ರ ಜೋಡಿಸ್ಕೊಳ್ತಿದ್ದಾನೆ. ಬೇಕಾದರೆ ಮಡಿಚಿಕೊಂಡು ಮನೆಗೆ ಹೋಗು, ನಾನು ಬಾಯಿ ಬಿಡಲ್ಲ."

ಹಾಳೆ ಕೈಗೆ ಬಂತು. ತನ್ನ ಮಾತು ಅಚ್ಚಾದದ್ದನ್ನು ಅವಳು ಕಂಡದ್ದು ಅದೇ ಮೊದಲು. ಬೇರೆಯವರ ಲಗ್ನಪತ್ರಿಕೆ, ಬೇರೆಯವರ ಪುಸ್ತಕ, ಬೇರೆಯವರ ಹೆಸರು — ಹತ್ತು ವರ್ಷ ಅದನ್ನೇ ಜೋಡಿಸಿದ್ದಾಯಿತು. ಇಲ್ಲಿ ನೋಡಿದರೆ ತಾನೇ, ನಾಲ್ಕೂ ಕಡೆ ಅಂಚು ಬಿಟ್ಟು, ಒಂದು ಕೊಂಬೂ ಅಲುಗದೆ ಕೂತಿದ್ದಾಳೆ. ಬಚ್ಚಿಡುವಂಥದ್ದು ಅದರಲ್ಲಿ ಏನೂ ಕಾಣಲಿಲ್ಲ.

"ಕರೀರಿ ತಾತ" ಎಂದಳು.

ಕರೆಯಬೇಕಾಗಿರಲಿಲ್ಲ. ಅವನು ಬಾಗಿಲಲ್ಲೇ ನಿಂತಿದ್ದ. ಅವಳು ಹಾಳೆಯನ್ನು ಅವನ ಕೈಗಿಟ್ಟಳು.

ಅವನು ಓದಿದ. ಎರಡು ತಿಂಗಳು ಅವನು ಓದುವುದನ್ನು ಕೇಳಿದ್ದಳು; ಸದ್ದಿಲ್ಲದೆ ಓದುವುದನ್ನು ನೋಡಿರಲಿಲ್ಲ. ತುಟಿ ಸಣ್ಣಗೆ ಅಲುಗುತ್ತಿತ್ತು. ಮಸಿ ಮೆತ್ತಿದ ಮೂಗಿನ ಸಾಲಿಗೆ ಬಂದಾಗ ನಗು ಬಂತು. ಪುಟದ ಕೊನೆಗೆ ಬಂದಾಗ ನೀವು ಒಂದು ಕ್ಷಣ ದನಿ ತಡೆಯುತ್ತೀರಲ್ಲ, ಆಗ ನಾನೂ ಉಸಿರು ತಡೆಯುತ್ತೇನೆ ಎಂಬಲ್ಲಿಗೆ ಬಂದಾಗ ನಗು ನಿಂತಿತು. ಕೊನೆಯ ಸಾಲನ್ನು ಅವನು ಬಾಯಿಬಿಟ್ಟು ಓದಿದ.

"‘ನೀವು ಹೊರಟುಹೋದ ಮೇಲೆ, ದಿನಾ ನಾಲ್ಕು ಗಂಟೆಗೆ, ನಾನು…’ ಮುಂದೆ?"

"ಮುಂದೆ ಅಪ್ಪ ಬಂದುಬಿಟ್ಟರು."

"ಈಗ ಹೇಳಿ."

ಅವಳು ಹೇಳಿದಳು. "ಬಾಗಿಲು ನೋಡ್ತಾ ಕೂತಿರ್ತೀನಿ. ಬರಲ್ಲ ಅಂತ ಗೊತ್ತಿದ್ದರೂ. ನನಗೆ ನೀವು ಬೇಕು. ಹೋಗಬೇಡಿ."

ಹೇಳಿದ್ದು ತಾನೇನಾ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಅವನಂತೂ, ಮುನ್ನೂರು ಫೈಲು ಕಣ್ಣೆದುರು ಹರಿದಾಗ ಅವಳು ನೋಡಿದ್ದಳಲ್ಲ, ಹಾಗೆ ಅವಳನ್ನು ನೋಡುತ್ತ ನಿಂತಿದ್ದ. ಆಮೇಲೆ ಹಾಳೆಯನ್ನು ಎಡಗೈಗೆ ಬದಲಿಸಿಕೊಂಡು, ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟ.

"ನಮಸ್ಕಾರ ಸರ್. ವರ್ಗದ ವಿಷಯ. ನನಗೆ ಬೇಡ ಸರ್… ಹೌದು, ಬಡ್ತಿಯೂ ಬೇಡ. ಬರೆದು ಕೊಡ್ತೀನಿ, ಇವತ್ತೇ… ಕಾರಣನಾ? ಇಲ್ಲೇ ಮದುವೆ ಆಗೋದಿದೆ ಸರ್… ಯಾವತ್ತು ಅಂತ ಗೊತ್ತಿಲ್ಲ. ಅವರನ್ನ ಇನ್ನೂ ಕೇಳಿಲ್ಲ… ಒಂದೇ ನಿಮಿಷ ಸರ್, ಇಟ್ಟುಬಿಡಬೇಡಿ."

ಅವನು ಫೋನಿನ ಮೇಲೆ ಅಂಗೈ ಮುಚ್ಚಿ ಅವಳ ಕಡೆ ತಿರುಗಿದ. ಬರೀ ಹುಬ್ಬೇರಿಸಿ ಕೇಳಿದ. ದೊಡ್ಡಪ್ಪ ಮಸೂರ ತೆಗೆದು ಕೆಳಗಿಟ್ಟರು.

ಅವಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂತು. ತಲೆಯಾಡಿಸಿದಳು, ಕಂಡಿತೋ ಇಲ್ಲವೋ ಎಂದು ಇನ್ನೊಮ್ಮೆ, ಜೋರಾಗಿ ಆಡಿಸಿದಳು.

"ಒಪ್ಪಿದ್ದಾರೆ ಸರ್" ಎಂದ ಅವನು ಫೋನಿಗೆ.